ಮಳೆಗಾಲದಲ್ಲಿ ಆಲಮಟ್ಟಿ ಹಿನ್ನೀರಿನ ಅಂಚಿಗೆ ಸೈಕಲ್ ಇಳಿಸಬೇಡಿ

ಆಲಮಟ್ಟಿ ಹಿನ್ನೀರು ಸುತ್ತಿಸುತ್ತೇವೆ ಅಂತ ಯಾರಾದರೂ ಸೈಕಲ್ ಪ್ರವಾಸಕ್ಕೆ ಕರೆದರೆ, ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿ. ಮಳೆ ಹತ್ತಿದರೆ ಯಾವ ದಾರಿಯಲ್ಲಿ ಕರೆದುಕೊಂಡು ಹೋಗುತ್ತೀರಿ? ನಮ್ಮನ್ನು ಕರೆದೊಯ್ದವರ ಹತ್ತಿರ ಇದಕ್ಕೆ ಉತ್ತರವೇ ಇರಲಿಲ್ಲ.

ಬಾಗಲಕೋಟೆ ನವನಗರದಿಂದ ಹೊರಟು ಅನಗವಾಡಿ ಸೇತುವೆ, ಬೀಳಗಿ, ಕೊರ್ತಿ, ಕೊಲ್ಹಾರ. ಆಮೇಲೆ ಆಚೆ ದಂಡೆ ಹಿಡಿದು ನಿಡಗುಂದಿ, ಆಲಮಟ್ಟಿ ನೋಡಿಕೊಂಡು ವಾಪಸ್. ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಮಳೆ ಶುರುವಾಯಿತು. ಎರಡೂ ಕಡೆ ನೀರು, ಅಡ್ಡ ಗಾಳಿ, ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಹ್ಯಾಂಡಲ್ ಎಳೆದಂತಾಗುತ್ತಿತ್ತು. ಅದನ್ನೂ ದಾಟಿದೆವು. ಡಾಂಬರು ಇರುವವರೆಗೆ ಮಳೆ ಅಷ್ಟು ಕಷ್ಟವಲ್ಲ.

ಕೊಲ್ಹಾರ ದಾಟಿದ ಮೇಲೆ ನಮ್ಮನ್ನು ಹೆದ್ದಾರಿ ಬಿಡಿಸಿ ನೀರಿನ ಅಂಚಿನ ಕಚ್ಚಾ ರಸ್ತೆಗೆ ಇಳಿಸಿದರು. ಮೊಬೈಲಿನ ನಕ್ಷೆಯಲ್ಲಿ ಗೆರೆ ಚೆನ್ನಾಗಿಯೇ ಇತ್ತು. ಆದರೆ ಅದು ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣಿನ ನೆಲ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬೆಂಗಳೂರು ಕಡೆಯಿಂದ ಬರುವವರಿಗೆ ಹೇಳುತ್ತೇನೆ. ನೆನೆದ ಎರೆ ಮಣ್ಣು ಅಂಟಿನ ಹಾಗೆ ಟೈರಿಗೆ ಸುತ್ತಿಕೊಳ್ಳುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಡ್‌ಗಾರ್ಡ್ ಒಳಗೆ, ಬ್ರೇಕಿನ ಸಂದಿಯಲ್ಲಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಜಾಲಿ ಕಡ್ಡಿ ಮುರಿದುಕೊಂಡು ಕೆರೆದು ತೆಗೆಯಬೇಕು, ಮತ್ತೆ ಹತ್ತು ಹೆಜ್ಜೆ. ಎತ್ತಿಕೊಂಡು ನಡೆಯೋಣ ಅಂದರೆ ಸೈಕಲ್ಲಿಗಿಂತ ಮಣ್ಣಿನ ಭಾರವೇ ಜಾಸ್ತಿ. ಜೊತೆಗಿದ್ದ ಒಬ್ಬ ಹುಡುಗ ಸಿಟ್ಟಿನಲ್ಲಿ ಜೋರಾಗಿ ಪೆಡಲ್ ತುಳಿದ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಗಾಲಿಯ ಕಡ್ಡಿಗಳಿಗೆ ಸಿಕ್ಕಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಟಕ್ ಅಂತ ಮುರಿಯಿತು. ಅಲ್ಲಿಗೆ ಅವನ ಪ್ರವಾಸ ಮುಗಿಯಿತು.

ಮುಂದೆ ಹೋಗೋಣ ಅಂತ ಇದ್ದಾಗ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ತಡೆದರು. "ತಮ್ಮಾ, ಇದು ಹಳೇ ಊರಿನ ದಾರಿ. ಮುಂದ ನೀರಾಗ ಹೋಕ್ಕೈತಿ. ಹೊಳ್ಳಿ ಹೋಗ್ರಿ."

ಹಿನ್ನೀರಿನ ಸುತ್ತ ಹೀಗೆ ಮುಳುಗಿದ ಊರುಗಳ ದಾರಿಗಳು ಇನ್ನೂ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಸೈಕಲ್ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಮಳೆಯಾಗಿ ಕೃಷ್ಣೆ ತುಂಬಿ, ಜಲಾಶಯ 519.60 ಮೀಟರಿನ ಪೂರ್ಣ ಮಟ್ಟಕ್ಕೆ ಬಂದಾಗ ಅದೇ ದಾರಿ ನೀರೊಳಗೆ ಇರುತ್ತದೆ. ನಮ್ಮನ್ನು ಕರೆದೊಯ್ದವರು ಬೇಸಿಗೆಯಲ್ಲಿ ನೋಡಿದ ದಾರಿಯನ್ನೇ ಮಳೆಗಾಲಕ್ಕೂ ಇಟ್ಟಿದ್ದರು.

ಹಿಂದೆ ಬರುತ್ತೆ ಅಂದಿದ್ದ ಪಿಕಪ್ ಗಾಡಿ ಎರೆಗೆ ಇಳಿಯಲೇ ಇಲ್ಲ, ಡಾಂಬರಿನ ಮೇಲೆ ನಿಂತಿತ್ತು. ಡ್ರೈವರನದೇನು ತಪ್ಪು, ಇಳಿಸಿದ್ದರೆ ಅದೂ ಹೂತುಕೊಳ್ಳುತ್ತಿತ್ತು. ಮೊಬೈಲ್ ಪರದೆ ನೆನೆದು ಬೆರಳಿಗೆ ಸ್ಪಂದಿಸುತ್ತಿರಲಿಲ್ಲ. ಹೆದ್ದಾರಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು, ಒಬ್ಬಳಿಗೆ ಚಳಿಯಲ್ಲಿ ಹಲ್ಲು ಕಟಕಟ. ದುಡ್ಡು ವಾಪಸ್ ಕೇಳಿದರೆ "ಮಳೆ ನಮ್ಮ ಕೈಯಲ್ಲಿದೆಯಾ?" ಅಂದರು. ದಾರಿ ಅವರ ಕೈಯಲ್ಲೇ ಇತ್ತಲ್ವಾ? ನನಗೆ ಹೊಟ್ಟೆ ಉರಿಯುವುದು ಈ ಮಾತಿಗೆ.

ಹಿನ್ನೀರು ನೋಡಲೇಬೇಕು ಅನ್ನುವವರು ಡಾಂಬರು ಬಿಡಬೇಡಿ. ಸೇತುವೆಗಳ ಮೇಲಿಂದಲೇ ನೀರು ಬೇಕಾದಷ್ಟು ಕಾಣುತ್ತದೆ. ಕಚ್ಚಾ ದಾರಿ ಹಿಡಿಯುವ ಮೊದಲು ಹೊಲದಲ್ಲಿರುವವರನ್ನು ಕೇಳಿ, ನಕ್ಷೆಯನ್ನಲ್ಲ. ಮಡ್‌ಗಾರ್ಡ್ ಬಿಚ್ಚಲು ಬರುವಂತಿರಲಿ, ಬಿಡಿ ಹ್ಯಾಂಗರ್ ಒಂದು ಜೊತೆಗಿರಲಿ. ಗುಡುಗು ಕೇಳಿಸಿದರೆ ನೀರಿನ ಅಂಚಿನಲ್ಲಿ ನಿಲ್ಲಲೇಬೇಡಿ. ಆ ಬಯಲಿನಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ, ಸಿಡಿಲು ನಿಮ್ಮನ್ನೇ ಹುಡುಕಿಕೊಂಡು ಬರಬಹುದು. ಹತ್ತಿರದ ಊರಿನ ಶಾಲೆಯೋ ಮನೆಯೋ ಸೇರಿಕೊಳ್ಳಿ, ಈ ಕಡೆ ಯಾರೂ ಬೇಡ ಅನ್ನುವುದಿಲ್ಲ.