ವಿಜಯಪುರದ ಡಯಾಲಿಸಿಸ್ ಸೆಂಟರ್: ಎರಡು ವರ್ಷದ ಮೇಲೆ ನಮ್ಮ ಅನುಭವ

ಅಪ್ಪನಿಗೆ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್. ವಿಜಯಪುರದ ಒಂದು ಖಾಸಗಿ ಸೆಂಟರ್‌ಗೆ ಹೋಗುತ್ತೇವೆ, ಹೆಸರು ಬೇಡ. ಎಸಿ, ಟಿವಿ ಎಲ್ಲ ಇದೆ. ನಾನು ನೋಡೋದು ಅದನ್ನಲ್ಲ, ಸೂಜಿ ಹಾಕುವವರ ಕೈ.

ಇಲ್ಲಿ ಸಿಸ್ಟರ್ ಮೊದಲು ಕೈ ತೊಳೆದು ಹೊಸ ಗ್ಲೌಸ್ ಹಾಕುತ್ತಾರೆ. ಫಿಸ್ಟುಲಾ, ಅಂದ್ರೆ ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಕೈಯಲ್ಲಿ ಜೋಡಿಸಿದ ರಕ್ತನಾಳ, ಅದರ ಮೇಲೆ ಬೆರಳಿಟ್ಟು ನೋಡುತ್ತಾರೆ. ಒಳಗೆ ಗುರ್ ಅಂತ ನಡುಗಬೇಕು. ನಡುಕ ಇಲ್ಲ ಅಂದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಆಗಿಂದಾಗಲೇ ಡಾಕ್ಟರಿಗೆ ತೋರಿಸಬೇಕು. ಅಪ್ಪ ಮನೆಯಲ್ಲೂ ದಿನಾ ಮುಟ್ಟಿ ನೋಡಿಕೊಳ್ಳುತ್ತಾರೆ. ಬಿಪಿ ನೋಡಲು ಯಾರಾದರೂ ಆ ಕೈ ಹಿಡಿದರೆ "ಈ ಕೈ ಬ್ಯಾಡ್ರಿ" ಅಂತ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ಕೈಯಿಂದ ರಕ್ತ ತೆಗೆಯಲೂ ಬಿಡಬಾರದು.

ನೀರಿನ ಬಗ್ಗೆ ಖಂಡಿತ ಕೇಳಿ. ಒಂದು ಸಲಕ್ಕೆ ಆ ನೀರಿನಿಂದ ಮಾಡಿದ ಸುಮಾರು 120 ಲೀಟರ್ ದ್ರಾವಣ ರಕ್ತದ ಪಕ್ಕದಲ್ಲೇ, ತೆಳು ಪೊರೆಯ ಆಚೆ ಹರಿಯುತ್ತದೆ. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ಗೊತ್ತಲ್ವಾ? ಇವರ ಆರ್‌ಓ ಪ್ಲಾಂಟ್ ಚೆನ್ನಾಗಿದೆ, ಪರೀಕ್ಷೆಯ ರಿಪೋರ್ಟ್ ಕೇಳಿದರೆ ತೋರಿಸುತ್ತಾರೆ. ರಕ್ತ ಸೋಸುವ ಫಿಲ್ಟರ್ ತೊಳೆದು ಮತ್ತೆ ಬಳಸುತ್ತಾರೆ. ಆದರೆ ಅಪ್ಪನದು ಅಪ್ಪನಿಗೇ, ಮೇಲೆ ಹೆಸರು ಬರೆದಿರುತ್ತದೆ. ಹೆಪಟೈಟಿಸ್ ಬಿ ಇದ್ದವರಿಗೆ ಮಷೀನ್ ಬೇರೆ.

ನನ್ನ ತಕರಾರು ಒಂದೇ, ಅವಸರ. ಹಿಂದಿನ ಶಿಫ್ಟ್ ತಡವಾದ ದಿನ ನಮ್ಮ ಟೈಮ್ ಕತ್ತರಿಸುತ್ತಿದ್ದರು, ಮೈಯಲ್ಲಿ ಸೇರಿದ ಅಷ್ಟೇ ನೀರನ್ನು ಬೇಗ ಎಳೆಯುತ್ತಿದ್ದರು. ಅಪ್ಪನಿಗೆ ಬಿಪಿ ಇಳಿದು ಬೆವರು, ಕಾಲಿನ ಮೀನಖಂಡ ಕಲ್ಲಿನಂತೆ ಬಿಗಿ. ತಾಸಿಗೆ, ಒಂದು ಕೆಜಿ ತೂಕಕ್ಕೆ 13 ಎಂಎಲ್ ದಾಟಬಾರದು ಅಂತ ಡಾಕ್ಟರ್ ಹೇಳಿದರು. 55 ಕೆಜಿಯ ಅಪ್ಪನಿಗೆ ನಾಲ್ಕು ತಾಸಿಗೆ ಮೂರು ಲೀಟರ್‌ಗೂ ಸ್ವಲ್ಪ ಕಡಿಮೆ. ಈಗ ಮೈಯಲ್ಲಿ ನೀರು ತುಂಬಿ ತೂಕ ಜಾಸ್ತಿ ಬಂದ ದಿನ ಅರ್ಧ ತಾಸು ಹೆಚ್ಚು ಕೂರಿಸುತ್ತಾರೆ. ಅದನ್ನೂ ನಾವು ನೆನಪಿಸಬೇಕು.

ಬೇಸಿಗೆಯಲ್ಲಿ ತೂಕ ಹಿಡಿಯೋದೇ ಕಷ್ಟ. ರೊಟ್ಟಿ ಪರವಾಗಿಲ್ಲ, ಉಪ್ಪಿನಕಾಯಿ ಬಾಯಾರಿಸುತ್ತದೆ. ಶೇಂಗಾ ಹಿಂಡಿ ಬಿಡಿಸಿದ್ದಕ್ಕೆ ಅಪ್ಪನಿಗೆ ಇನ್ನೂ ಸಿಟ್ಟಿದೆ. ನೆಂಟರು ಪ್ರೀತಿಯಿಂದ ಎಳನೀರು, ಒಣದ್ರಾಕ್ಷಿ ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಏರಿದರೆ ಹೃದಯವೇ ನಿಂತೀತು. ಎರಡು ದಿನ ಗ್ಯಾಪ್ ಬೀಳುವ ಭಾನುವಾರ ಇನ್ನೂ ಹುಷಾರು.

ಬಿಪಿಎಲ್ ಕಾರ್ಡ್ ಇದ್ದವರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಯೋಜನೆಯಲ್ಲಿ ಅಂಥವರಿಗೆ ಡಯಾಲಿಸಿಸ್ ಉಚಿತ. ನಮ್ಮ ಸೆಂಟರ್‌ಗೆ ಬರುವುದಾದರೆ ಬೆಳಗಿನ ಮೊದಲ ಶಿಫ್ಟ್ ಕೇಳಿ, ಆಗ ಅವಸರ ಇರುವುದಿಲ್ಲ.