ಲಕ್ಕುಂಡಿ, ಡಂಬಳದ ಗುಡಿಗಳ ಮುಂದೆ: ಪೆನ್ಸಿಲ್ಲೋ, ಪೆನ್ನೋ, ಜಲವರ್ಣವೋ?

ಗದಗ ಸೀಮೆಯ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಬಳಪದ ಕಲ್ಲಿನ ಕೆತ್ತನೆ ಗೇಣು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಕಂಡದ್ದನ್ನೆಲ್ಲ ಚಿತ್ರವಾಗಿ ಬರೆಯಲು ಹೋದರೆ ಎರಡು ತಾಸಿನಲ್ಲಿ ಬಾಗಿಲುವಾಡದ ಒಂದು ಪಟ್ಟಿಯೂ ಮುಗಿಯದು, ಮನಸ್ಸು ಹಗುರಾಗುವ ಬದಲು ಕುತ್ತಿಗೆ ಹಿಡಿಯುತ್ತದೆ. ಹಾಗಾಗಿ ಏನನ್ನು ಬಿಡಲು ಯಾವ ಸಾಧನ ನೆರವಾಗುತ್ತದೆ ಎಂಬುದೇ ಇಲ್ಲಿ ಮುಖ್ಯ.

ಲಕ್ಕುಂಡಿಯ ಕಡೆದ ಕಂಬಗಳಿಗೆ ಪೆನ್ಸಿಲ್‌ಗೆ ಸಾಟಿಯಿಲ್ಲ. ಮೊದಲು ಎಚ್‌ಬಿ ಪೆನ್ಸಿಲ್‌ನಿಂದ ನಡುಗೆರೆ ಎಳೆದು, ಪ್ರತಿ ಉಬ್ಬಿನ ಅರ್ಧ ಅಗಲವನ್ನು ಎರಡೂ ಬದಿಗೆ ಸಮನಾಗಿ ಗುರುತಿಸಿ. ಕಣ್ಣಿನ ಮಟ್ಟದ ಬಳೆ ನೇರ ಗೆರೆ. ಅದಕ್ಕಿಂತ ಮೇಲಿನವು ಮೇಲಕ್ಕೆ, ಕೆಳಗಿನವು ಕೆಳಕ್ಕೆ ಬಾಗುತ್ತವೆ, ದೂರ ಹೋದಷ್ಟೂ ಬಾಗು ಹೆಚ್ಚು. ಎಲ್ಲ ಬಳೆಗಳನ್ನೂ ಒಂದೇ ದಿಕ್ಕಿಗೆ ಬಾಗಿಸಿದರೆ ಕಂಬ ವಾಲಿದಂತೆ ಕಾಣುತ್ತದೆ. ನುಣುಪು ಕಂಬದ ಗಾಢ ನೆರಳು ಅಂಚಿನಲ್ಲಿರದೆ ಅಂಚಿನಿಂದ ತುಸು ಒಳಗಿರುತ್ತದೆ. ಅಂಚಿಗೆ ನೆಲದ ಬೆಳಕು ತಾಗಿ ನೂಲಿನಷ್ಟು ಬಿಳುಪು ಉಳಿಯುತ್ತದೆ. ಆ ಬಿಳುಪು ಬಿಟ್ಟು 4ಬಿ (ಇನ್ನೂ ಮೆದುವಾದ, ಕಪ್ಪು ಪೆನ್ಸಿಲ್) ಹಾಕಿದಾಗಲೇ ಕಂಬ ದುಂಡಗಾಗುವುದು. ಕೈಯಡಿ ಒಂದು ಹಾಳೆ ಇಟ್ಟುಕೊಳ್ಳದಿದ್ದರೆ ಎಲ್ಲ ಮಸಿಯಾಗುತ್ತದೆ.

ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ವಿಮಾನದಲ್ಲಿ (ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ) ಪೆನ್ಸಿಲ್ ಸೋಲುತ್ತದೆ. 24 ಮೂಲೆಗಳ ಚೂಪು ಅಂಚು ಅದರಲ್ಲಿ ಮಂಕಾಗುತ್ತದೆ. ಅಲ್ಲಿಗೆ 0.3 ಮಿ.ಮೀ. ಮೊನೆಯ, ನೀರಿಗೆ ಹರಡದ ಪಿಗ್ಮೆಂಟ್ ಶಾಯಿಯ ಪೆನ್ನೇ ಸರಿ. ಆದರೆ ಅದನ್ನು ಅಳಿಸಲಾಗದು, ಮೂಲೆಗಳನ್ನು ಮೊದಲೇ ಅಳೆದುಕೊಳ್ಳಬೇಕು. ಗುಡಿಯ ನಡುಬಿಂದುವಿನಿಂದ ಅಳೆದರೆ ಮೂಲೆ ಮೂಲೆಗೆ 15 ಡಿಗ್ರಿ. ಒಂದು ಮೂಲೆಗೆ ನೇರ ಎದುರು ನಿಂತು ಚಿತ್ರದ ಅರ್ಧ ಅಗಲವನ್ನು 6 ಸೆಂ.ಮೀ. ಇಟ್ಟರೆ, ನಡುಗೆರೆಯಿಂದ ಉಳಿದ ಮೂಲೆಗಳು ಸುಮಾರು 1.6, 3, 4.2, 5.2, 5.8 ಸೆಂ.ಮೀ.ಗೆ ಬೀಳುತ್ತವೆ. ಬಹಳ ಜನ ಇವನ್ನು ಸಮ ಅಂತರದಲ್ಲಿ ಹಾಕಿ ಗುಡಿಯನ್ನು ಮಡಿಸಿದ ಪರದೆ ಮಾಡಿಬಿಡುತ್ತಾರೆ.

ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡಕ್ಕೆ ಜಲವರ್ಣ. ಕಣ್ಣು ಅರ್ಧ ಮುಚ್ಚಿದರೆ ಬಳ್ಳಿ, ಮಣಿ ಎಲ್ಲ ಕರಗಿ ನೆರಳಿನ ನಾಲ್ಕೈದು ತುಂಡು ಉಳಿಯುತ್ತವೆ. ಅಷ್ಟನ್ನೇ 8ನೇ ನಂಬರಿನ ದುಂಡು ಕುಂಚದಿಂದ ತುಂಬಿ, ಒಣಗಿದ ಮೇಲೆ ಎರಡೇ ಕಡೆ 0.1ರ ಪೆನ್ನಿನಿಂದ ಕೆತ್ತನೆ ಬಿಡಿಸಿ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಬೆರೆಸಿ ಚೂರು ಹಳದಿ ಓಕರ್ ಸೇರಿಸಿದರೆ ಈ ಕಲ್ಲಿನ ಹಸಿರು ಛಾಯೆಯ ಬೂದು ಬರುತ್ತದೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ್ದು) ಇರಲಿ, 150ರದ್ದು ಉಬ್ಬಿ ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. ಏಪ್ರಿಲ್ ಬಿಸಿಲಿಗೆ ಬಣ್ಣ ಅರ್ಧಕ್ಕೇ ಒಣಗಿ ಗೆರೆ ಕಟ್ಟುತ್ತದೆ. ಬಣ್ಣ ಧಾರಾಳವಾಗಿ ಕಲಸಿಕೊಂಡು, ಹಲಗೆಯನ್ನು ತುಸು ಓರೆ ಹಿಡಿದು, ನಡುವೆ ನಿಲ್ಲಿಸದೆ ಇಳಿಸಬೇಕು. ನಡುಹಗಲಲ್ಲಿ ನೆರಳೇ ಸಿಗದು, ಬೆಳಗಿನ ಓರೆ ಬಿಸಿಲು ಬೇಕು. ಕುಂಚ ತೊಳೆದ ನೀರನ್ನು ದಯವಿಟ್ಟು ಕಲ್ಲಿನ ಮೇಲೆ ಚೆಲ್ಲಬೇಡಿ, ಬಾಟಲಿಯಲ್ಲೇ ವಾಪಸ್ ಒಯ್ಯಿರಿ.

ಸಮಾಧಾನಕ್ಕೆಂದೇ ಹೊರಟವರು ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮೆಟ್ಟಿಲುಬಾವಿ ಮುಸುಕಿನ ಬಾವಿಯಿಂದ ಶುರು ಮಾಡಲಿ. ಅಲ್ಲಿ ಎರಡೇ ಬಣ್ಣ ಸಾಕು: ಮೆಟ್ಟಿಲ ಮೇಲ್ಮೈಗೆ ಬರಿಯ ಕಾಗದ, ಎದುರುಮುಖಕ್ಕೂ ಗೋಡೆಯ ಗೂಡುಗಳಿಗೂ ಒಂದು ನಡುಬೂದು, ಗೂಡಿನ ಒಳಗೆ ಇನ್ನೊಂದು ಗಾಢ.