ಅಜೈಲ್ ಟೆಸ್ಟರ್ ಸರ್ಟಿಫಿಕೇಟ್: ಬಳ್ಳಾರಿಯಿಂದ, ಮೂರು ವರ್ಷ ಬಳಸಿದ ಮೇಲೆ

ಸಾಫ್ಟ್‌ವೇರ್ ಟೆಸ್ಟರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಟಿಕ್ಯೂಬಿ. ಅದರ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಮುಗಿಸಿದ್ದು 2021ರಲ್ಲಿ, ಅಜೈಲ್ ಟೆಸ್ಟರ್ 2022ರಲ್ಲಿ. ಅಜೈಲ್ ಅಂದರೆ ಸಾಫ್ಟ್‌ವೇರನ್ನು ಒಂದೇ ಸಲಕ್ಕೆ ಮಾಡದೆ, ಸಣ್ಣ ಸಣ್ಣ ಭಾಗಗಳಾಗಿ ಮಾಡುತ್ತಾ ಹೋಗುವ ರೀತಿ. ಪಾಸಾದ ವಾರದಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಸರ್ಟಿಫಿಕೇಟ್ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಏನು ಉಪಯೋಗಕ್ಕೆ ಬಂತು ಅಂತ ಹೇಳುವವರು ಕಡಿಮೆ. ಅದಕ್ಕೇ ಇದು.

ನನ್ನ ಮನೆ ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಟೆಸ್ಟಿಂಗ್ ಮಾಡುತ್ತೇನೆ. ಓದಿದ್ದು ಬಿಎಸ್‌ಸಿ ಕೆಮಿಸ್ಟ್ರಿ. ಹಾಗಾಗಿ ನನಗೆ ಒಂದು ಸರ್ಟಿಫಿಕೇಟ್ ಬೇಕಾಗಿತ್ತು. ಅದು ಇದ್ದಿದ್ದಕ್ಕೇ ಇಂಟರ್‌ವ್ಯೂಗೆ ಕರೆದರು, ಅದು ನಿಜ. ಆದರೆ ಕೆಲಸ ಸಿಕ್ಕಿದ್ದು ಅವರು ಕೊಟ್ಟ ಲಾಗಿನ್ ಪೇಜ್ ನೋಡಿ ನಾನು ಕೇಳಿದ ಪ್ರಶ್ನೆಗಳಿಂದ.

ಮೊದಲು ಪರೀಕ್ಷೆ ಬಗ್ಗೆ. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಅಜೈಲ್ ಟೆಸ್ಟರ್ ಬರೆಯಬೇಕಾದರೆ ಫೌಂಡೇಶನ್ ಆಗಿರಲೇಬೇಕು. ಎಷ್ಟೋ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಪರೀಕ್ಷೆ ನಿಮ್ಮ ಮಾತೃಭಾಷೆಯಲ್ಲಿ ಇಲ್ಲದಿದ್ದರೆ 25 ಪರ್ಸೆಂಟ್ ಜಾಸ್ತಿ ಸಮಯ ಸಿಗುತ್ತೆ, ಅಂದರೆ 75 ನಿಮಿಷ. ಹೆಸರು ನೋಂದಾಯಿಸುವಾಗಲೇ ಕೇಳಿ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ಆ 15 ನಿಮಿಷದಲ್ಲೇ ಐದಾರು ಉದ್ದದ ಪ್ರಶ್ನೆಗಳನ್ನು ಎರಡನೇ ಸಲ ಓದಿದೆ.

ಮನೆಯಿಂದಲೇ ಆನ್‌ಲೈನ್‌ನಲ್ಲಿ ಬರೆದೆ. ಕ್ಯಾಮೆರಾ ತಿರುಗಿಸಿ ಇಡೀ ರೂಮು ತೋರಿಸಬೇಕು, ಟೇಬಲ್ ಮೇಲೆ ಏನೂ ಇರಬಾರದು. ಮೇ ತಿಂಗಳು, ಕರೆಂಟ್ ಯಾವಾಗ ಹೋಗುತ್ತೋ ಅನ್ನೋ ಭಯ. ಅಣ್ಣ ಪಕ್ಕದ ಮನೆಯವರ ಇನ್ವರ್ಟರ್‌ನಿಂದ ವೈರ್ ಎಳೆದು ವೈಫೈ ರೂಟರ್‌ಗೆ ಕೊಟ್ಟಿದ್ದ.

ನನಗೆ ಬೇಜಾರಾದದ್ದು ಕೋಚಿಂಗ್‌ನಲ್ಲಿ. ಪರೀಕ್ಷೆ ಶುಲ್ಕಕ್ಕಿಂತ ಜಾಸ್ತಿ ದುಡ್ಡು ಅಲ್ಲಿಗೆ ಹೋಯಿತು. ಅವರು ಕೊಟ್ಟಿದ್ದು ಮುನ್ನೂರು ಪ್ರಶ್ನೆಗಳ ಒಂದು ಪಟ್ಟಿ, ಬಾಯಿಪಾಠ ಮಾಡಿ ಅಂದರು. ಅದರಲ್ಲಿ ಹಲವು ಉತ್ತರ ತಪ್ಪಾಗಿದ್ದವು. ಸಿಲೆಬಸ್, ಮಾದರಿ ಪ್ರಶ್ನೆಪತ್ರಿಕೆ, ಅದರ ಉತ್ತರ ಮತ್ತು ವಿವರಣೆ ಎಲ್ಲಾ ಐಎಸ್‌ಟಿಕ್ಯೂಬಿ ವೆಬ್‌ಸೈಟ್‌ನಲ್ಲಿ ಫ್ರೀಯಾಗಿ ಸಿಗುತ್ತೆ ಅಂತ ಒಬ್ಬರೂ ಹೇಳಲಿಲ್ಲ. ಅದನ್ನು ನಾನೇ ಹುಡುಕಿಕೊಂಡು, ದಿನಕ್ಕೆ ನಾಲ್ಕೈದು ಪುಟದಂತೆ ಓದಿ ಪಾಸಾದೆ.

ಈಗ ಕೆಲಸದ ಮಾತು. ಈ ಓದಿನಲ್ಲಿ ನನಗೆ ನಿಜವಾಗಿ ದಕ್ಕಿದ್ದು ಒಂದೇ: ಕೋಡ್ ಬರೆಯುವ ಮುಂಚೆ ಟೆಸ್ಟರ್ ಬಾಯಿ ಬಿಡಬಹುದು, ಬಿಡಬೇಕು ಅನ್ನೋದು. ಮೊದಲು ನಾನು ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ, ಅಂದರೆ ಮುಂದಿನ ಕೆಲವು ವಾರದ ಕೆಲಸ ಗೊತ್ತು ಮಾಡುವ ಮೀಟಿಂಗ್‌ನಲ್ಲಿ, ಮೈಕ್ ಮ್ಯೂಟ್ ಮಾಡಿ ಕೂರುತ್ತಿದ್ದೆ. ಡೆವಲಪರ್ ಮುಗಿಸಿ ಕೊಟ್ಟ ಮೇಲೆ ತಪ್ಪು ಹುಡುಕುವುದು ನನ್ನ ಕೆಲಸ ಅಂದುಕೊಂಡಿದ್ದೆ.

ಒಂದು ಸ್ಟೋರಿ (ಬಳಸುವವರಿಗೆ ಏನು ಬೇಕು ಅಂತ ಹೇಳುವ ಒಂದೆರಡು ಸಾಲು) ಬಂತು: 'ಗ್ರಾಹಕರು ಕೂಪನ್ ಹಾಕಿದರೆ 100 ರೂಪಾಯಿ ಕಡಿಮೆ ಆಗಬೇಕು.' ಇಷ್ಟೇ ಇತ್ತು. ಸಿಲೆಬಸ್‌ನಲ್ಲಿ ಕಾರ್ಡ್ (ಬರೆದಿಟ್ಟ ಸ್ಟೋರಿ), ಮಾತುಕತೆ, ಖಚಿತಪಡಿಸುವುದು ಅಂತ ಮೂರು ಹಂತ ಹೇಳುತ್ತಾರೆ. ಕಾರ್ಡ್ ಇದೆ, ಮಾತುಕತೆ ಎಲ್ಲಿ? ಮೈಕ್ ಆನ್ ಮಾಡಿ ಕೇಳಿದೆ. ಬಿಲ್ಲೇ 80 ರೂಪಾಯಿ ಇದ್ದರೆ? ಎರಡು ಸಾಮಾನಲ್ಲಿ ಒಂದನ್ನು ವಾಪಸ್ ಕೊಟ್ಟರೆ ಎಷ್ಟು ದುಡ್ಡು ಹಿಂದಿರುಗಿಸಬೇಕು? ಏನು ಮಾಡಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೇಡಂ, ಇದನ್ನ ನಾವು ಯೋಚನೆನೇ ಮಾಡಿಲ್ಲ' ಅಂದರು. ಅವರು, ಡೆವಲಪರ್, ನಾನು ಮೂವರೇ ಕೂತು ಅರ್ಧ ಗಂಟೆಯಲ್ಲಿ ಏಳು ಉದಾಹರಣೆ ಬರೆದೆವು. ಹೀಗಿದ್ದಾಗ, ಹೀಗೆ ಮಾಡಿದರೆ, ಹೀಗಾಗಬೇಕು ಅನ್ನೋ ರೀತಿಯಲ್ಲಿ. ಅವನ್ನೇ ಇಟ್ಟುಕೊಂಡು ಕೋಡ್ ಆಯಿತು, ಟೆಸ್ಟೂ ಆಯಿತು.

ಅವತ್ತು ರಾತ್ರಿ ಅವ್ವನಿಗೆ ಇದನ್ನು ಹೇಳಿದೆ. ಅವ್ವ ಇಪ್ಪತ್ತು ವರ್ಷದಿಂದ ಜೀನ್ಸ್ ಯೂನಿಟ್‌ನಲ್ಲಿ ಚೆಕಿಂಗ್ ಮಾಡುತ್ತಾಳೆ. ಪ್ಯಾಂಟಿನ ಒಳಭಾಗ ಹೊರಗೆ ತಿರುಗಿಸಿ, ಹೊಲಿಗೆ ಮೇಲೆ ಹೆಬ್ಬೆರಳು ಒತ್ತಿ ಎಳೆದು ನೋಡುತ್ತಾಳೆ. 'ವಾಶಿಂಗಿಗೆ ಹೋಗೋಕ ಮೊದ್ಲ ನೋಡಿದ್ರ ಬಿಚ್ಚಿ ಹೊಲಿಬೌದು. ಬಂದ ಮ್ಯಾಲೆ ನೋಡಿ ಏನ್ ಮಾಡ್ತಿ?' ಅಂದಳು. ಅವಳಿಗೆ ಇದು ಹೊಸದೇ ಅಲ್ಲ.

ನಾನು ದಿನಾ ಬಳಸುವ ಇನ್ನೊಂದು ವಿಷಯ ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್, ಅಂದರೆ ಹುಡುಕುತ್ತಾ ಹುಡುಕುತ್ತಾ ಟೆಸ್ಟ್ ಮಾಡುವುದು. ಸುಮ್ನೆ ಅಲ್ಲಿ ಇಲ್ಲಿ ಒತ್ತುವುದಲ್ಲ. ಏನು ನೋಡಬೇಕು ಅಂತ ಒಂದು ಸಾಲು ಬರೆದುಕೊಂಡು, 60ರಿಂದ 120 ನಿಮಿಷ ಬೇರೆ ಕಡೆ ಗಮನ ಕೊಡದೆ ಅದನ್ನೇ ನೋಡುವುದು. ನಾನು ಬೆಳಗ್ಗೆ ಏಳಕ್ಕೆ ಕೂರುತ್ತೇನೆ, ಬಿಸಿಲು ಏರುವ ಮುಂಚೆ ಒಂದು ಸುತ್ತು ಮುಗಿದಿರುತ್ತೆ.

ಕೊರತೆಯೂ ಇದೆ. ಟೆಸ್ಟ್‌ಗಳನ್ನು ವಿಂಗಡಿಸಿ ತೋರಿಸುವ ಟೆಸ್ಟಿಂಗ್ ಕ್ವಾಡ್ರಂಟ್, ಪಿರಮಿಡ್ ಎಲ್ಲಾ ಓದಿದರೂ ಒಂದು ಸಾಲು ಆಟೋಮೇಶನ್ (ತಾನಾಗಿಯೇ ಟೆಸ್ಟ್ ಮಾಡುವ ಕೋಡ್) ಬರೆಯಲು ಬರುವುದಿಲ್ಲ. ಬ್ರೌಸರನ್ನು ತಾನಾಗಿ ನಡೆಸಿ ಟೆಸ್ಟ್ ಮಾಡುವ ಸೆಲೆನಿಯಂ, ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಸರಿಯಾಗಿ ಮಾಹಿತಿ ಕೊಡುತ್ತವೆಯೇ ಅಂತ ನೋಡುವ ಎಪಿಐ ಟೆಸ್ಟಿಂಗ್ ನಾನು ಬೇರೆಯಾಗಿಯೇ ಕಲಿತೆ. ಇಂಟರ್‌ವ್ಯೂಗಳಲ್ಲಿ ಈಗ ಅದನ್ನೇ ಜಾಸ್ತಿ ಕೇಳುತ್ತಾರೆ. ಸರ್ಟಿಫಿಕೇಟ್‌ನಿಂದ ಸಂಬಳ ಏರಲಿಲ್ಲ. ಒಂದು ಸಮಾಧಾನ, ಇದಕ್ಕೆ ಅವಧಿ ಮುಗಿಯುವುದಿಲ್ಲ. ಮತ್ತೆ ಮತ್ತೆ ದುಡ್ಡು ಕಟ್ಟಿ ರಿನ್ಯೂ ಮಾಡಬೇಕಿಲ್ಲ.

ಈಗ ಶುರು ಮಾಡುವವರು ಇದನ್ನು ಗಮನಿಸಿ. 2023ರಲ್ಲಿ ಫೌಂಡೇಶನ್‌ನ 4.0 ಸಿಲೆಬಸ್ ಬಂತು. ಯೂಸರ್ ಸ್ಟೋರಿ, ಪ್ಲಾನಿಂಗ್ ಪೋಕರ್ (ಕೆಲಸ ಎಷ್ಟಿದೆ ಅಂತ ಟೀಮ್ ಕಾರ್ಡ್ ತೋರಿಸಿ ಅಂದಾಜು ಮಾಡುವುದು), ಕ್ವಾಡ್ರಂಟ್, ಪಿರಮಿಡ್ ಇವೆಲ್ಲ ಈಗ ಅದರಲ್ಲೇ ಇವೆ. ನಾನು ಎರಡು ಪರೀಕ್ಷೆಗೆ ದುಡ್ಡು ಕಟ್ಟಿ ಕಲಿತದ್ದರಲ್ಲಿ ಬಹಳಷ್ಟು ಒಂದರಲ್ಲೇ ಸಿಗುತ್ತೆ. ಹೊಸಬರು ಮೊದಲು ಅದೊಂದನ್ನು ಮುಗಿಸಿ, ಉಳಿದ ದುಡ್ಡು ಮತ್ತು ಸಮಯವನ್ನು ಆಟೋಮೇಶನ್‌ಗೆ ಹಾಕಿ. ಸ್ಕ್ರಮ್ (ಅಜೈಲ್‌ನ ಒಂದು ಪದ್ಧತಿ) ಟೀಮ್‌ನಲ್ಲಿ ಆಗಲೇ ಇದ್ದು, ಕಂಪನಿಯೇ ಶುಲ್ಕ ಕೊಡುತ್ತೆ ಅಂದರೆ ಮಾತ್ರ ಅಜೈಲ್ ಟೆಸ್ಟರ್ ಬರೆಯಿರಿ.

ಚಿಕ್ಕಮ್ಮನ ಮಗ ಈ ವರ್ಷ ಬಿಸಿಎ ಮುಗಿಸಿದ. ಕೋಚಿಂಗ್‌ಗೆ ಸೇರುತ್ತೇನೆ ಅಂತ ಹೊರಟಿದ್ದ. 4.0 ಸಿಲೆಬಸ್ ಪ್ರಿಂಟ್ ಹಾಕಿಸಿ ಕೊಟ್ಟು, ಒಂದು ತಿಂಗಳು ಇದನ್ನು ಓದಿ ಆಮೇಲೆ ಬೇಕಾದರೆ ಫೀಸ್ ಕಟ್ಟು ಅಂದಿದ್ದೇನೆ. ಎರಡನೇ ಅಧ್ಯಾಯದಲ್ಲಿದ್ದಾನೆ. ಅರ್ಥ ಆಗದ್ದಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಭಾನುವಾರ ಮನೆಗೆ ಬರುತ್ತಾನೆ.